ನನ್ನ ಪಂಪ್‌ಸೆಟ್‌ಗೆ ಮೂರು ಫೇಸ್ ಬೇಕು, 24 ಬೋಗಿ ಎಳೆಯೋ ಎಂಜಿನ್‌ಗೆ ಒಂದೇ ತಂತಿ ಸಾಕಾ?

ಕಾರಟಗಿ ರೈತ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಮಗಳನ್ನು ರೈಲು ಹತ್ತಿಸಲು ಕೊಪ್ಪಳ ಸ್ಟೇಷನ್ನಿಗೆ ಹೋಗಿದ್ದೆ. ರೈಲು ಬರೋದು ತಡವಾಯಿತು. ಪ್ಲಾಟ್‌ಫಾರ್ಮ್ ಮೇಲೆ ಕೂತು ತಲೆ ಎತ್ತಿ ನೋಡಿದರೆ ಹಳಿ ಮೇಲೆ ಒಂದೇ ತಂತಿ. ಮೇಲಿನದೊಂದು ಅದನ್ನು ಹಿಡಿದುಕೊಂಡಿರೋ ತಂತಿ ಅಂತ ಗೊತ್ತು, ಆದರೆ ಎಂಜಿನ್ ಮುಟ್ಟೋದು ಒಂದನ್ನೇ. ನಮ್ಮ ಹೊಲದ ಏಳೂವರೆ ಎಚ್‌ಪಿ ಪಂಪ್ ಮೂರು ಫೇಸ್ ಇಲ್ಲದಿದ್ದರೆ ತಿರುಗೋದೇ ಇಲ್ಲ. ಒಂದು ಫೇಸ್ ಹೋದರೆ ಗುಂಯ್ ಅಂತ ನಿಂತು ಕಾಯಿಲ್ ಸುಟ್ಟುಹೋಗುತ್ತದೆ, ಎರಡು ಸಲ ಸುಟ್ಟಿದ್ದೇನೆ, ಪ್ರತಿ ಸಲ ರಿವೈಂಡಿಂಗ್ ಖರ್ಚು. ಹಾಗಿರುವಾಗ ಅಷ್ಟುದ್ದ ರೈಲನ್ನು ಒಂದೇ ತಂತಿ ಕರೆಂಟಲ್ಲಿ ಎಳೆಯೋದು ಹೇಗೆ? ಇಲ್ಲಿ ತಿಳಿದವರಿದ್ದರೆ ನಮ್ಮಂಥವರಿಗೆ ಅರ್ಥ ಆಗೋ ಹಾಗೆ ಹೇಳಿ.

ತೋರಣಗಲ್ಲು ವೈಂಡರ್:
ಅಣ್ಣ, ಬಹಳ ಒಳ್ಳೆ ಪ್ರಶ್ನೆ. ನಾನು ಮೋಟಾರ್ ರಿಪೇರಿ ಕೆಲಸದಲ್ಲಿ 20 ವರ್ಷ ಇದ್ದೇನೆ, ಈ ಪ್ರಶ್ನೆಯನ್ನು ಇಷ್ಟು ಸರಿಯಾಗಿ ಕೇಳಿದವರನ್ನು ನೋಡಿಲ್ಲ.

ಮೊದಲು ಒಂದು ಮಾತು. ತಂತಿ ಒಂದೇ ಆದರೂ ದಾರಿ ಎರಡು. ಮೇಲಿನ ತಂತಿಯಿಂದ ಬಂದ ಕರೆಂಟು ಎಂಜಿನ್ ಒಳಗಿನ ಟ್ರಾನ್ಸ್‌ಫಾರ್ಮರ್ ಹಾದು, ಗಾಲಿ ಮೂಲಕ ಹಳಿಗೆ ಇಳಿದು ಸಬ್‌ಸ್ಟೇಷನ್ನಿಗೆ ವಾಪಸ್ ಹೋಗುತ್ತದೆ. ಅಂದರೆ ನಿಮ್ಮ ಮನೆಯ ಸಿಂಗಲ್ ಫೇಸ್ ಇದ್ದ ಹಾಗೆಯೇ. ಆದರೆ ಮನೆಯಲ್ಲಿ 230 ವೋಲ್ಟ್, ಅಲ್ಲಿ 25,000 ವೋಲ್ಟ್. ವೋಲ್ಟ್ ಜಾಸ್ತಿ ಇರೋದರಿಂದ ಕರೆಂಟು ಕಡಿಮೆ ಸಾಕು. ಪೂರ್ತಿ ಜೋರಲ್ಲಿ ಎಳೆಯುವಾಗಲೂ ಎಂಜಿನ್ ತಗೊಳ್ಳೋದು ಸುಮಾರು 200 ಆಂಪಿಯರ್. ಅದಕ್ಕೇ ಅಷ್ಟು ತೆಳು ತಂತಿ ತಡೆಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಈಗಿನ ಎಂಜಿನ್‌ಗೂ ಮೂರು ಫೇಸೇ ಬೇಕು! ಅದರ ಗಾಲಿಗೆ ಕೂರಿಸಿರೋ ಮೋಟಾರು ನಿಮ್ಮ ಪಂಪಿನ ಮೋಟಾರಿನ ಜಾತಿಯದೇ, ಮೂರು ಫೇಸಿನ ಇಂಡಕ್ಷನ್ ಮೋಟಾರ್. ಹೊರಗಿಂದ ಬರೋದು ಒಂದು ಫೇಸ್. ಮೂರನ್ನು ಎಂಜಿನ್ ತನ್ನ ಹೊಟ್ಟೆಯಲ್ಲೇ ಮಾಡಿಕೊಳ್ಳುತ್ತದೆ.

ಕಾರಟಗಿ ರೈತ:
ಮಾಡಿಕೊಳ್ಳೋದು ಅಂದರೆ ನಾವು ಕಂಡೆನ್ಸರ್ ಹಾಕಿ ಸಿಂಗಲ್ ಫೇಸಲ್ಲಿ ಪಂಪ್ ಎಬ್ಬಿಸ್ತೀವಲ್ಲ, ಹಾಗಾ? ಅದರಲ್ಲಿ ಮೋಟಾರ್ ಕಾದು ಹೋಗುತ್ತದೆ, ಹೆಚ್ಚು ದಿನ ಬಾಳೋದಿಲ್ಲ.

ತೋರಣಗಲ್ಲು ವೈಂಡರ್:
ಕಂಡೆನ್ಸರ್ ಅಲ್ಲ ಅಣ್ಣ. ನಿಮ್ಮ ಪಕ್ಕದ ಹೊಲದಲ್ಲಿ ಯಾರಾದರೂ ಸೋಲಾರ್ ಪಂಪ್ ಹಾಕಿಸಿದ್ದಾರಾ? ಪ್ಯಾನೆಲ್‌ನಿಂದ ಬರೋದು ಡಿಸಿ, ಅಂದರೆ ಬ್ಯಾಟರಿಯ ಹಾಗೆ ಒಂದೇ ದಿಕ್ಕಿಗೆ ಹರಿಯೋ ಕರೆಂಟು. ಕೆಳಗೆ ಒಂದು ಡಬ್ಬಿ ಇರುತ್ತದೆ, ಅದು ಆ ಡಿಸಿಯನ್ನು ಮೂರು ಫೇಸ್ ಮಾಡಿ ಮೋಟಾರಿಗೆ ಕೊಡುತ್ತದೆ. ಬೆಳಗ್ಗೆ ಬಿಸಿಲು ಕಡಿಮೆ ಇದ್ದಾಗ ಪಂಪ್ ಮೆಲ್ಲಗೆ ತಿರುಗುತ್ತದೆ, ಮಧ್ಯಾಹ್ನ ಜೋರಾಗಿ. ನೋಡಿದ್ದೀರಲ್ವಾ? ಆ ಡಬ್ಬಿಯ ದೊಡ್ಡಣ್ಣ ರೈಲು ಎಂಜಿನ್‌ನಲ್ಲಿದ್ದಾನೆ. 25,000 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ. ಒಂದು ಕನ್ವರ್ಟರ್ ಅದನ್ನು ಸುಮಾರು 2,800 ವೋಲ್ಟ್ ಡಿಸಿ ಮಾಡುತ್ತದೆ. ಮುಂದಿನದು ಆ ಡಿಸಿಯಿಂದ ಮೂರು ಫೇಸ್ ಹುಟ್ಟಿಸುತ್ತದೆ. ವೋಲ್ಟೇಜೂ ಅದರ ಕೈಯಲ್ಲಿ, ಫ್ರೀಕ್ವೆನ್ಸಿಯೂ ಅದರ ಕೈಯಲ್ಲಿ. ಫ್ರೀಕ್ವೆನ್ಸಿ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಅನ್ನೋ ಲೆಕ್ಕ, ಅದು ಏರಿದ ಹಾಗೆ ಮೋಟಾರ್ ಜೋರಾಗಿ ತಿರುಗುತ್ತದೆ. ರೈಲು ಹೊರಡುವಾಗ ಬಹಳ ಕಡಿಮೆ ಫ್ರೀಕ್ವೆನ್ಸಿ, ಓಡ್ತಾ ಹೋದ ಹಾಗೆ ಏರಿಸೋದು. ನಿಮ್ಮ ಪಂಪಿಗೆ ಬರೋದು ಯಾವಾಗಲೂ 50 ಹರ್ಟ್ಜ್, ಆದ್ದರಿಂದ ಅದಕ್ಕೆ ಒಂದೇ ವೇಗ.

ರಾಯಚೂರು ರೈಲುಪ್ರೇಮಿ:
ವೈಂಡರ್ ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. ಕಾರಟಗಿ ಅಣ್ಣ ನೋಡಿದ್ದು ಬಹುಶಃ ವ್ಯಾಪ್-7. ಮುಖದ ಮೇಲೆ ಬರೆದಿರುತ್ತದೆ, ಡಬ್ಲ್ಯೂ ಎ ಪಿ 7. ಡಬ್ಲ್ಯೂ ಅಂದರೆ ಬ್ರಾಡ್ ಗೇಜ್, ಎ ಅಂದರೆ ಎಸಿ ಕರೆಂಟು, ಪಿ ಅಂದರೆ ಪ್ಯಾಸೆಂಜರ್ ರೈಲಿಗೆ. ಪಿ ಜಾಗದಲ್ಲಿ ಜಿ ಇದ್ದರೆ ಗೂಡ್ಸ್. ಎ ಜಾಗದಲ್ಲಿ ಡಿ ಇದ್ದರೆ ಡೀಸೆಲ್. ಇಷ್ಟು ಗೊತ್ತಿದ್ದರೆ ಯಾವ ಎಂಜಿನ್ ಬಂದರೂ ಜಾತಕ ಹೇಳಬಹುದು.

ವ್ಯಾಪ್-7ರ ತಾಕತ್ತು 6,350 ಎಚ್‌ಪಿ. ಕಾರಟಗಿ ಅಣ್ಣನ ಏಳೂವರೆ ಎಚ್‌ಪಿ ಪಂಪ್ ಸುಮಾರು 850 ಸೇರಿಸಿದ ಹಾಗೆ. ತೂಕ 123 ಟನ್. 6 ಅಚ್ಚು, ಪ್ರತಿ ಅಚ್ಚಿಗೂ ಒಂದು ಮೋಟಾರ್. ಮೂರು ಮೂರು ಮೋಟಾರಿಗೆ ಒಂದು ಕನ್ವರ್ಟರ್, ಹಾಗಾಗಿ ಒಂದು ಕಡೆ ಕೆಟ್ಟರೆ ಅದನ್ನು ಕಡಿದು ಉಳಿದ ಮೂರರಲ್ಲಿ ರೈಲನ್ನು ಮುಂದಿನ ಸ್ಟೇಷನ್ನಿಗಾದರೂ ತರಬಹುದು. ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಲ್ಲಿ ಶುರುವಾದ ಎಂಜಿನ್ ಇದು, ಈಗ ಬನಾರಸ್ ಮತ್ತು ಪಟಿಯಾಲದಲ್ಲೂ ಕಟ್ಟುತ್ತಾರೆ. ಇದರ ಮೂಲ ವ್ಯಾಗ್-9 ಅನ್ನೋ ಗೂಡ್ಸ್ ಎಂಜಿನ್. 1990ರ ದಶಕದಲ್ಲಿ ಎಬಿಬಿ ಕಂಪನಿಯಿಂದ ಆ ಎಂಜಿನ್ನೂ, ವ್ಯಾಪ್-5 ಅನ್ನೋ ವೇಗದ ಎಂಜಿನ್ನೂ, ಜೊತೆಗೆ ಕಟ್ಟುವ ವಿದ್ಯೆಯೂ ಬಂತು. ವ್ಯಾಗ್-9ರ ಗೇರು ಬದಲಾಯಿಸಿ ಪ್ಯಾಸೆಂಜರ್ ಓಟಕ್ಕೆ ಹೊಂದಿಸಿದ್ದೇ ವ್ಯಾಪ್-7.

ಇದಕ್ಕೂ ಮೊದಲು ವ್ಯಾಪ್-4 ಇತ್ತು, ಈಗಲೂ ಕೆಲವು ಕಡೆ ಓಡುತ್ತದೆ. ಅದು ಡಿಸಿ ಮೋಟಾರಿಂದು. ಚಾಲಕರು ಟ್ಯಾಪ್ ಚೇಂಜರ್‌ನಲ್ಲಿ 32 ಮೆಟ್ಟಿಲು ಹತ್ತಿಸಿ ವೋಲ್ಟೇಜ್ ಏರಿಸಬೇಕು, ಪ್ರತಿ ಮೆಟ್ಟಿಲಿಗೂ ಒಂದು ಸಣ್ಣ ಜಗ್ಗು. ಇನ್ನೊಂದು ವಿಷಯ ಕೇಳಿ, ಆ ಹಳೆ ಎಂಜಿನ್‌ನಲ್ಲೂ ಫ್ಯಾನು, ಕಂಪ್ರೆಸರ್ ತಿರುಗಿಸಲು ಮೂರು ಫೇಸ್ ಬೇಕಿತ್ತು. ಅದಕ್ಕೆ ಆರ್ನೋ ಅನ್ನೋ ಒಂದು ತಿರುಗೋ ಯಂತ್ರ ಇಡುತ್ತಿದ್ದರು, ಒಂದು ಫೇಸ್ ಕೊಟ್ಟರೆ ಮೂರು ಕೊಡುತ್ತದೆ. ಅಂದರೆ ಕಾರಟಗಿ ಅಣ್ಣನ ತೊಂದರೆ ರೈಲಿಗೂ ಮೊದಲಿಂದ ಇತ್ತು!

ತೋರಣಗಲ್ಲು ವೈಂಡರ್:
ಆರ್ನೋ ವಿಷಯ ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್ ತಮ್ಮ. ಡಿಸಿ ಮೋಟಾರಿನ ಕಷ್ಟ ನಾನು ಹೇಳ್ತೀನಿ. ಅದರಲ್ಲಿ ತಿರುಗೋ ಭಾಗದ ಮೇಲೆ ಕಮ್ಯುಟೇಟರ್ ಅನ್ನೋ ತಾಮ್ರದ ಪಟ್ಟಿಗಳು, ಅವಕ್ಕೆ ಉಜ್ಜಿಕೊಂಡು ಕರೆಂಟು ಕೊಡೋ ಕಾರ್ಬನ್ ಬ್ರಶ್ ಇರುತ್ತವೆ. ಬ್ರಶ್ ಸವೆಯುತ್ತದೆ, ಅದರ ಕರಿ ಪುಡಿ ಒಳಗೆಲ್ಲ ಕೂರುತ್ತದೆ, ಕಿಡಿ ಹಾರುತ್ತದೆ. ನಮ್ಮ ಕಡೆ ಧೂಳು ಹೇಗಿದೆ ನೋಡಿ. ಅದಿರಿನ ಧೂಳು ಅಂದರೆ ಕಬ್ಬಿಣದ ಧೂಳು, ಮೋಟಾರಿಗೆ ವಿಷ. ಇಂಡಕ್ಷನ್ ಮೋಟಾರಿಗೆ ಬ್ರಶ್ಶೇ ಇಲ್ಲ. ಬೇರಿಂಗ್ ಮತ್ತು ಗಾಳಿ ನೋಡಿಕೊಂಡರೆ ವರ್ಷಗಟ್ಟಲೆ ತಂಟೆ ಇಲ್ಲ. ಸುಮ್ನೆ ತಾಕತ್ತಿನ ಲೆಕ್ಕ ಹೇಳಿ ಹೊಸ ಎಂಜಿನ್ನನ್ನು ಹೊಗಳುತ್ತಾರೆ, ನನ್ನ ಪ್ರಕಾರ ಅದರ ನಿಜವಾದ ದೊಡ್ಡ ಗುಣ ಈ ಬ್ರಶ್ ಇಲ್ಲದ ಮೋಟಾರು.

ಬೆಂಗಳೂರಲ್ಲಿರೋ ರಾಯಚೂರಿನವ:
ಎಲ್ಲಾ ಸರಿ ಅಣ್ಣಂದಿರೇ, ಆದರೆ ನನ್ನದೊಂದು ಸಂಕಟ ಇದೆ. ಹದಿನೈದು ದಿನಕ್ಕೊಮ್ಮೆ ರಾಯಚೂರಿಗೆ ಬಂದು ಹೋಗ್ತೀನಿ. ತಂತಿ ಬರೋ ಮುಂಚೆ ಅರ್ಧ ದಾರಿಯಲ್ಲಿ ಎಂಜಿನ್ ಬದಲಾಯಿಸುತ್ತಿದ್ದರು, ಡೀಸೆಲ್ ಬಿಚ್ಚಿ ಕರೆಂಟ್ ಎಂಜಿನ್ ಹಾಕೋದು, ಬ್ರೇಕ್ ಪರೀಕ್ಷೆ ಮಾಡೋದು, ಅರ್ಧ ಗಂಟೆ ಅಲ್ಲೇ. ಈಗ ಅದು ಇಲ್ಲ, ಸಂತೋಷ. ಆದರೆ ಒಟ್ಟು ಸಮಯ ನೋಡಿದರೆ ನನಗೆ ಅಷ್ಟೇನೂ ಉಳಿದ ಹಾಗೆ ಕಾಣೋದಿಲ್ಲ. 6,350 ಎಚ್‌ಪಿ ಎಲ್ಲಿ ಹೋಯಿತು? ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದು ಹೊರಟ ರಾತ್ರಿ ಒಂದು ಕತ್ತಲೆ ಜಾಗದಲ್ಲಿ 40 ನಿಮಿಷ ನಿಂತಿತ್ತು. ಆ ರಾತ್ರಿ ನನಗೆ ಎಂಜಿನ್ ಬಗ್ಗೆ ಯಾವ ಪ್ರೀತಿಯೂ ಬರಲಿಲ್ಲ.

ಕುಷ್ಟಗಿ ಮೇಷ್ಟ್ರು:
ತಮ್ಮಾ, ಅಮ್ಮ ಈಗ ಚೆನ್ನಾಗಿದ್ದಾರೆ ಅಂದುಕೊಳ್ತೀನಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು. ನಿಮ್ಮ ಪ್ರಶ್ನೆಗೆ ಒಂದು ಲೆಕ್ಕ ಮಾಡೋಣ.

24 ಬೋಗಿ, ಎಂಜಿನ್, ಜನ, ಎಲ್ಲಾ ಸೇರಿ 1,300 ಟನ್ ಅಂತ ಇಟ್ಟುಕೊಳ್ಳಿ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡುವಾಗ ಆ ರೈಲಿನಲ್ಲಿ ತುಂಬಿರೋ ಚಲನಶಕ್ತಿ ಸುಮಾರು 169 ಯೂನಿಟ್. ಹೌದು, ನಿಮ್ಮ ಮನೆ ಮೀಟರಿನಲ್ಲಿ ಓಡೋ ಅದೇ ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ತನಕ ಉಚಿತ ಅಲ್ವಾ, ಒಂದು ಮನೆಯ ತಿಂಗಳ ಬಳಕೆಯಷ್ಟು ಶಕ್ತಿ ರೈಲು ಒಮ್ಮೆ ನಿಂತು ವೇಗ ಹಿಡಿಯಲು ಬೇಕು.

6,350 ಎಚ್‌ಪಿ ಎಂಜಿನ್ ಪೂರ್ತಿ ಜೋರು ಹಾಕಿದರೂ ಅಷ್ಟು ಶಕ್ತಿ ತುಂಬಲು ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಹಳೆ 3,100 ಎಚ್‌ಪಿ ಡೀಸೆಲ್ ಆದರೆ ನಾಲ್ಕೂಕಾಲು ನಿಮಿಷದ ಮೇಲೆ. ಇದು ಕಾಗದದ ಲೆಕ್ಕ, ಗಾಳಿ, ಏರು, ಗಾಲಿ ಜಾರೋದು ಎಲ್ಲಾ ಬಿಟ್ಟು. ನಿಜದಲ್ಲಿ ಎರಡೂ ಇನ್ನೂ ಜಾಸ್ತಿ. ಹಾಗಾಗಿ ಹೊಸ ಎಂಜಿನ್ ಉಳಿಸೋದು ಪ್ರತಿ ನಿಲುಗಡೆಗೆ ಎರಡು ಮೂರು ನಿಮಿಷ, ಮತ್ತೆ ಏರಿನಲ್ಲಿ ಇನ್ನಷ್ಟು. ಗುಂತಕಲ್ಲಿನಿಂದ ಬೆಂಗಳೂರಿಗೆ ಹೋಗುವಾಗ 400 ಮೀಟರಿಗೂ ಜಾಸ್ತಿ ಎತ್ತರ ಏರಬೇಕು, ಮಾಕಳಿದುರ್ಗದ ಹತ್ತಿರ ಆ ಏರು ಕಣ್ಣಿಗೇ ಕಾಣುತ್ತದೆ. ಅಲ್ಲಿ ತಾಕತ್ತು ಕೆಲಸಕ್ಕೆ ಬರುತ್ತದೆ. ಸಪಾಟು ಹಳಿಯಲ್ಲಿ, ವೇಗಮಿತಿ ಮುಟ್ಟಿದ ಮೇಲೆ, 6,350 ಇದ್ದರೂ ಒಂದೇ, 4,000 ಇದ್ದರೂ ಒಂದೇ. ಹಳಿ ಎಷ್ಟಕ್ಕೆ ಒಪ್ಪುತ್ತದೋ ಅಷ್ಟೇ ವೇಗ.

ಕತ್ತಲೆಯಲ್ಲಿ ನಿಂತ ಆ 40 ನಿಮಿಷ ಎಂಜಿನ್ ಲೆಕ್ಕಕ್ಕೆ ಬರೋದೇ ಇಲ್ಲ. ಮುಂದೆ ಹಳಿ ಖಾಲಿ ಇಲ್ಲದಿದ್ದರೆ ಯಾವ ಎಂಜಿನ್ನೂ ನಿಲ್ಲಲೇಬೇಕು. ನಾವು ಕೇಳಬೇಕಾದ್ದು ಹಳಿ ಮತ್ತು ಸಿಗ್ನಲ್, ಎಂಜಿನ್ ಅಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳ್ತೀನಿ. ಊರಿನ ಮನವಿ ಪತ್ರಗಳಲ್ಲಿ ಯಾವಾಗಲೂ ಹೊಸ ರೈಲು, ಹೊಸ ನಿಲುಗಡೆ ಅಂತ ಬರೀತಾರೆ, ಸಿಗ್ನಲ್ ಬಗ್ಗೆ ಒಂದು ಸಾಲು ಇರೋದಿಲ್ಲ.

ರಾಯಚೂರು ರೈಲುಪ್ರೇಮಿ:
ಮೇಷ್ಟ್ರೆ, ಆ 169 ಯೂನಿಟ್ ನಿಲ್ಲುವಾಗ ಏನಾಗುತ್ತದೆ ಅಂತಲೂ ಹೇಳಬೇಕಿತ್ತು. ಹಳೆ ಕಾಲದಲ್ಲಿ ಬ್ರೇಕ್ ಕಟ್ಟೆ ಉಜ್ಜಿ ಎಲ್ಲಾ ಬಿಸಿಯಾಗಿ ಹೋಗುತ್ತಿತ್ತು, ಸ್ಟೇಷನ್‌ನಲ್ಲಿ ಆ ಸುಟ್ಟ ವಾಸನೆ ನೆನಪಿದೆಯಾ? ಮೂರು ಫೇಸ್ ಎಂಜಿನ್‌ನಲ್ಲಿ ಚಾಲಕರು ಬ್ರೇಕ್ ಹಾಕಿದಾಗ ಮೋಟಾರುಗಳೇ ಜನರೇಟರ್ ಆಗುತ್ತವೆ. ಹುಟ್ಟಿದ ಕರೆಂಟು ಅದೇ ತಂತಿಗೆ ವಾಪಸ್. ಹತ್ತಿರದಲ್ಲಿ ಇನ್ನೊಂದು ರೈಲು ಎಳೆಯುತ್ತಿದ್ದರೆ ಅದಕ್ಕೆ ಸಿಗುತ್ತದೆ. ಎಲ್ಲಾ 169 ವಾಪಸ್ ಬರೋದಿಲ್ಲ, ಒಂದು ಪಾಲು ಬರುತ್ತದೆ. ಡೀಸೆಲ್ ಎಂಜಿನ್‌ನಲ್ಲೂ ಒಳಗೆ ಜನರೇಟರು, ಮೋಟಾರು ಇರುತ್ತವೆ, ತನ್ನ ಕರೆಂಟನ್ನು ತಾನೇ ಮಾಡಿಕೊಂಡು ಓಡುತ್ತದೆ, ಆದರೆ ಬ್ರೇಕಿನ ಶಕ್ತಿಯನ್ನು ವಾಪಸ್ ಕೊಡಲು ಅದಕ್ಕೆ ತಂತಿ ಇಲ್ಲ. ಮತ್ತೆ ಡೀಸೆಲ್ ಆಗೋದಂತೂ ಇಲ್ಲ.

ಬಳ್ಳಾರಿ ಪೈಲಟ್ ಮಗಳು:
ಎಲ್ಲರ ಮಾತು ಓದ್ತಾ ಇದ್ದೆ. ಅಪ್ಪ ಲೋಕೋ ಪೈಲಟ್ ಆಗಿದ್ದು ರಿಟೈರ್ ಆದರು. ಅವರ ಪಕ್ಕ ಕೂತು ಕೇಳಿ ಬರೀತಿದ್ದೇನೆ.

ಅಪ್ಪ ಹೇಳೋದು, ತಾಕತ್ತಿಗಿಂತ ಮೊದಲು ಹಿಡಿತ. 1,300 ಟನ್ ರೈಲಿನಲ್ಲಿ ಎಳೆಯೋ ಗಾಲಿ ಮೇಲೆ ಕೂತಿರೋದು ಎಂಜಿನ್ನಿನ 123 ಟನ್ ಮಾತ್ರ. ಮಳೆಯಲ್ಲಿ ಹಳಿ ಒದ್ದೆಯಾದರೆ, ಎಲೆ ಬಿದ್ದಿದ್ದರೆ, ಗಾಲಿ ಅಲ್ಲೇ ಗಿರಗಿರ ಸುತ್ತುತ್ತದೆ. ಕೆಸರು ಗದ್ದೆಯಲ್ಲಿ ಟ್ರ್ಯಾಕ್ಟರ್ ಹಾಗೆ. ಕಾರಟಗಿ ಅಣ್ಣನವರು ಗದ್ದೆಗೆ ಕೇಜ್ ವೀಲ್ ಹಾಕ್ತಾರೆ, ಇಲ್ಲಿ ಗಾಲಿಯ ಮುಂದೆ ಹಳಿ ಮೇಲೆ ಮರಳು ಸುರಿಸ್ತಾರೆ. ಹಳೆ ಎಂಜಿನ್‌ನಲ್ಲಿ ಗಾಲಿ ಜಾರಿದ್ದು ಪೈಲಟ್‌ಗೆ ಸದ್ದಿನಲ್ಲಿ, ಮೀಟರಿನಲ್ಲಿ ಗೊತ್ತಾಗಿ, ಅವರು ಕೈ ತೆಗೆಯೋ ಹೊತ್ತಿಗೆ ತಡವಾಗಿರುತ್ತಿತ್ತು. ಹೊಸದರಲ್ಲಿ ಕಂಪ್ಯೂಟರ್ ಆ ಕ್ಷಣದಲ್ಲೇ ಜೋರು ಇಳಿಸಿ ಮತ್ತೆ ಏರಿಸುತ್ತದೆ.

ಇನ್ನೊಂದು, ನ್ಯೂಟ್ರಲ್ ಸೆಕ್ಷನ್. ಒಂದು ಸಬ್‌ಸ್ಟೇಷನ್ ಕೊಡೋ ಫೇಸ್ ಬೇರೆ, ಮುಂದಿನದು ಕೊಡೋದು ಬೇರೆ. ಎರಡೂ ತಾಗಬಾರದು ಅಂತ ನಡುವೆ ಕರೆಂಟಿಲ್ಲದ ಒಂದು ತುಂಡು ತಂತಿ ಇರುತ್ತದೆ. ಅದಕ್ಕೆ 500 ಮೀಟರ್ ಇರುವಾಗ ಒಂದು ಬೋರ್ಡ್, 250 ಮೀಟರ್ ಇರುವಾಗ ಇನ್ನೊಂದು. ಪೈಲಟ್ ಸರಿಯಾಗಿ ಆ ಜಾಗದಲ್ಲಿ ಬ್ರೇಕರ್, ಅಂದರೆ ಎಂಜಿನ್ನಿನ ದೊಡ್ಡ ಸ್ವಿಚ್ಚು, ತೆಗೆದು, ಓಟದ ಬಿರುಸಲ್ಲೇ ದಾಟಿಸಿ, ಮತ್ತೆ ಹಾಕಬೇಕು. ನಡುವೆ ರೈಲು ನಿಂತುಬಿಟ್ಟರೆ ಕಷ್ಟ. ಅಪ್ಪ ರಿಟೈರ್ ಆಗಿ ಎಷ್ಟೋ ದಿನ ನಿದ್ದೆಯಲ್ಲಿ ಕೈ ಆಡಿಸುತ್ತಿದ್ದರು, ಅಮ್ಮ ಹೇಳುತ್ತಿದ್ದರು ಬ್ರೇಕರ್ ತೆಗೀತಿದ್ದಾರೆ ಅಂತ.

ಮತ್ತೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲಲ್ಲಿ ಡೀಸೆಲ್ ಎಂಜಿನ್ ಕ್ಯಾಬ್ ಅಂದರೆ ಕಬ್ಬಿಣದ ಒಲೆ. ಒದ್ದೆ ಟವೆಲ್ ಕೊರಳಿಗೆ ಸುತ್ತಿಕೊಂಡು ಹೋಗುತ್ತಿದ್ದರು. ಈಗ ಬರೋ ಹೊಸ ಎಂಜಿನ್‌ಗಳಿಗೆ ಕ್ಯಾಬ್‌ನಲ್ಲಿ ಎಸಿ ಇದೆ. ಇದು ಐಷಾರಾಮ ಅಲ್ಲ. ಸಾವಿರಾರು ಜನರ ಜೀವ ಕೈಯಲ್ಲಿಟ್ಟುಕೊಂಡವರ ತಲೆ ತಂಪಾಗಿರಬೇಕು ಅಲ್ವಾ.

ತೋರಣಗಲ್ಲು ವೈಂಡರ್:
ಅಕ್ಕಾ, ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಬಿಸಿಲು ಅಂದಿದ್ದಕ್ಕೆ ನೆನಪಾಯಿತು, ತಂತಿಯ ಕೊನೆಯ ಕಂಬದಲ್ಲಿ ತೂಕದ ಕಲ್ಲುಗಳ ಹಾಗೆ ಒಂದರ ಮೇಲೊಂದು ಜೋಡಿಸಿ ನೇತುಹಾಕಿರ್ತಾರೆ, ನೋಡಿದ್ದೀರಾ? ಬಿಸಿಲಿಗೆ ತಾಮ್ರದ ತಂತಿ ಉದ್ದವಾಗುತ್ತದೆ. ಜೋತುಬಿದ್ದರೆ ಪ್ಯಾಂಟೋಗ್ರಾಫ್, ಅಂದರೆ ಎಂಜಿನ್ ತಲೆ ಮೇಲೆ ತಂತಿಗೆ ತಾಗಿ ಕರೆಂಟು ತಗೊಳ್ಳೋ ಚೌಕಟ್ಟು, ಸಿಕ್ಕಿಹಾಕಿಕೊಳ್ಳುತ್ತದೆ. ಆ ತೂಕ ಕೆಳಗಿಳಿದು ತಂತಿಯನ್ನು ಸದಾ ಬಿಗಿಯಾಗಿ ಇಡುತ್ತದೆ, ಸುಮಾರು 1,000 ಕೆಜಿ ಎಳೆತ. ಬೆಳಗಿನ ಜಾವ ನೋಡಿ, ಮಧ್ಯಾಹ್ನ ನೋಡಿ, ತೂಕ ಒಂದೇ ಎತ್ತರದಲ್ಲಿ ಇರೋದಿಲ್ಲ.

ಬೆಂಗಳೂರಲ್ಲಿರೋ ರಾಯಚೂರಿನವ:
ಅಮ್ಮ ಈಗ ಆರಾಮಾಗಿದ್ದಾರೆ ಸರ್, ಕೇಳಿದ್ದಕ್ಕೆ ಧನ್ಯವಾದ. ನಿಮ್ಮ ಲೆಕ್ಕ ನೋಡಿದ ಮೇಲೆ ನನ್ನ ಸಿಟ್ಟು ತಪ್ಪು ಕಡೆ ಇತ್ತು ಅನ್ನಿಸಿತು. ಹಾಗಾದರೆ ಕಲಬುರಗಿಯಿಂದ ರಾಯಚೂರು ಮೇಲೆ ಬೆಂಗಳೂರಿಗೆ ಹೋಗೋ ವಂದೇ ಭಾರತ್ ಅಷ್ಟು ಬೇಗ ವೇಗ ಹಿಡಿಯೋದು ಹೇಗೆ? ಅದರಲ್ಲಿ ಎಂಜಿನ್ನೇ ಕಾಣೋದಿಲ್ಲ.

ರಾಯಚೂರು ರೈಲುಪ್ರೇಮಿ:
ಪೈಲಟ್ ಅಪ್ಪನವರು ಹೇಳಿದ ಹಿಡಿತದ ಮಾತೇ ಉತ್ತರ. ವಂದೇ ಭಾರತ್‌ನಲ್ಲಿ ಬೇರೆ ಎಂಜಿನ್ ಇಲ್ಲ, ಅರ್ಧದಷ್ಟು ಬೋಗಿಗಳ ಕೆಳಗೇ ಮೋಟಾರ್ ಇವೆ. ಎಳೆಯೋ ಗಾಲಿ ಜಾಸ್ತಿ, ಅವುಗಳ ಮೇಲಿನ ತೂಕವೂ ಜಾಸ್ತಿ, ಜಾರೋದು ಕಡಿಮೆ. ಆದರೆ ನನ್ನ ಅಭಿಪ್ರಾಯ ಹೇಳ್ತೀನಿ, ನಮ್ಮ ಜಿಲ್ಲೆಗಳಿಗೆ ಅದಕ್ಕಿಂತ ಬೇಕಾದ್ದು ಅಮೃತ್ ಭಾರತ್ ತರಹದ್ದು. 2023ರ ಡಿಸೆಂಬರ್ 30ರಂದು ಶುರುವಾಯಿತು. ಮುಂದೊಂದು, ಹಿಂದೊಂದು ಎಂಜಿನ್, ಎರಡನ್ನೂ ಮುಂದಿನ ಪೈಲಟ್ ಒಬ್ಬರೇ ನಡೆಸ್ತಾರೆ. ಒಂದು ಎಳೆಯುತ್ತದೆ, ಒಂದು ತಳ್ಳುತ್ತದೆ. ಬೋಗಿಗಳು ಸ್ಲೀಪರ್ ಮತ್ತು ಜನರಲ್. ಬೆಂಗಳೂರಿಗೆ ದುಡಿಯಲು ಹೋಗೋ ನಮ್ಮ ಮಾನ್ವಿ, ಲಿಂಗಸುಗೂರು, ದೇವದುರ್ಗದ ಜನ ಜನರಲ್ ಬೋಗಿಯ ಬಾಗಿಲಲ್ಲಿ ಜೋತುಬಿದ್ದು ಹೋಗ್ತಾರೆ. ಗಂಟುಮೂಟೆ, ಮಕ್ಕಳು, ಎಲ್ಲಾ ಶೌಚಾಲಯದ ಪಕ್ಕ. ಒಳ್ಳೆ ಎಂಜಿನ್ ಮೊದಲು ಅವರನ್ನು ಎಳೆಯಬೇಕು.

ಇದಕ್ಕೆ ಸಂಬಂಧಿಸಿದ ಇನ್ನೊಂದು ವಿಷಯ. ಮೊದಲು ಎಲ್‌ಎಚ್‌ಬಿ ಅನ್ನೋ ಹೊಸ ಮಾದರಿ ಬೋಗಿಗಳ ರೈಲಿನ ಎರಡೂ ತುದಿಗೆ ಡೀಸೆಲ್ ಜನರೇಟರ್ ಬೋಗಿ ಬೇಕಿತ್ತು, ದೀಪಕ್ಕೆ, ಎಸಿಗೆ. ಅದರ ಪಕ್ಕದ ಬೋಗಿಯಲ್ಲಿ ಕೂತವರಿಗೆ ಹೊಗೆ ಮತ್ತು ಸದ್ದು. ಈಗ ಎಂಜಿನ್ನೇ 750 ವೋಲ್ಟ್ ಮೂರು ಫೇಸ್ ಮಾಡಿ ಹಿಂದಿನ ಬೋಗಿಗಳಿಗೂ ಕೊಡುತ್ತದೆ. ಹಾಗಾಗಿ ಒಂದು ಜನರೇಟರ್ ಬೋಗಿ ತೆಗೆದು ಆ ಜಾಗದಲ್ಲಿ ಜನ ಕೂರೋ ಬೋಗಿ ಹಾಕಲು ಸಾಧ್ಯವಾಯಿತು. ಎಸಿ ಬೋಗಿಯಲ್ಲಿ ಒಮ್ಮೊಮ್ಮೆ ತಂಪು ಗಾಳಿ ಸ್ವಲ್ಪ ಹೊತ್ತು ನಿಂತು ಮತ್ತೆ ಬರುತ್ತದಲ್ಲ, ಅದು ಪೈಲಟ್ ಅಕ್ಕ ಹೇಳಿದ ನ್ಯೂಟ್ರಲ್ ಸೆಕ್ಷನ್ ದಾಟೋ ಹೊತ್ತು ಇರಬಹುದು.

ಕಾರಟಗಿ ರೈತ:
ಎಷ್ಟು ತಿಳಿಯಿತು ನನಗೆ! ಆದರೆ ಒಂದು ಅನುಮಾನ. ಈ ಕರೆಂಟ್ ಬರೋದು ರಾಯಚೂರಿನ ಶಕ್ತಿನಗರದಿಂದ, ಬಳ್ಳಾರಿಯ ಕುಡತಿನಿಯಿಂದ. ಅಲ್ಲಿ ಸುಡೋದು ಕಲ್ಲಿದ್ದಲು. ಹಾಗಾದರೆ ಹೊಗೆ ಜಾಗ ಬದಲಾಯಿತು ಅಷ್ಟೇ ಅಲ್ವಾ? ಶಕ್ತಿನಗರದ ಪಕ್ಕದಲ್ಲಿ ನಮ್ಮ ಬೀಗರ ಊರಿದೆ, ಬಟ್ಟೆ ಒಣಹಾಕಿದರೆ ಬೂದಿ ಕೂರುತ್ತದೆ ಅಂತಾರೆ.

ಕುಷ್ಟಗಿ ಮೇಷ್ಟ್ರು:
ನಿಮ್ಮ ಬೀಗರ ಮಾತನ್ನು ಯಾರೂ ತಳ್ಳಿಹಾಕಬಾರದು. ರಾಯಚೂರು ಸ್ಥಾವರ 1,720 ಮೆಗಾವಾಟ್, ಬಳ್ಳಾರಿಯದು 1,700. ಅಷ್ಟು ಕಲ್ಲಿದ್ದಲು ಸುಟ್ಟ ಬೂದಿ ಈ ಎರಡು ಜಿಲ್ಲೆಯಲ್ಲೇ ಹುಟ್ಟುತ್ತದೆ. ದೇಶದ ಬಹುಪಾಲು ಕರೆಂಟು ಇನ್ನೂ ಕಲ್ಲಿದ್ದಲಿಂದೇ. ಆದರೆ ಒಂದು ವ್ಯತ್ಯಾಸ ಇದೆ. ಡೀಸೆಲ್ ಎಂಜಿನ್ ಸಾಯೋತನಕ ಡೀಸೆಲ್ಲೇ ಕುಡಿಯಬೇಕು. ಕರೆಂಟ್ ಎಂಜಿನ್‌ಗೆ ತಂತಿಯಲ್ಲಿ ಏನು ಬಂದರೂ ಸೈ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಎಲ್ಲಿ ನೋಡಿದರೂ ಗಾಳಿ ಗಿರಣಿ. ಅವು ಗ್ರಿಡ್ಡಿಗೆ ಕೊಟ್ಟಷ್ಟು ಅದೇ ಎಂಜಿನ್ ಒಂದು ಬೋಲ್ಟ್ ಬದಲಾಯಿಸದೆ ಗಾಳಿಯಲ್ಲಿ ಓಡಿದ ಹಾಗೆ.

ಬಳ್ಳಾರಿ ಪೈಲಟ್ ಮಗಳು:
ಅಪ್ಪ ಒಂದು ಮಾತು ಬರೀಲೇಬೇಕು ಅಂತ ಹಟ ಹಿಡಿದಿದ್ದಾರೆ. ನಿಂತ ಗೂಡ್ಸ್ ಬೋಗಿ ಮೇಲೆ ಹುಡುಗರು ಫೋಟೋ ತೆಗೆಯಲು ಹತ್ತುತ್ತಾರೆ. 25,000 ವೋಲ್ಟ್ ತಂತಿಯನ್ನು ಮುಟ್ಟಬೇಕಾಗಿಲ್ಲ, ಹತ್ತಿರ ಹೋದರೆ ಸಾಕು, ಕಿಡಿ ಹಾರಿ ಎಳೆದುಕೊಳ್ಳುತ್ತದೆ. ಅಪ್ಪ ಕಣ್ಣಾರೆ ನೋಡಿದ್ದಾರೆ, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮತ್ತೆ ರೈಲ್ವೆ ಗೇಟಿನ ಎರಡೂ ಕಡೆ ಎತ್ತರದ ಕಬ್ಬಿಣದ ಕಮಾನು ಇರುತ್ತದೆ. ಹುಲ್ಲು, ಹತ್ತಿ ತುಂಬಿದ ಗಾಡಿ ಆ ಕಮಾನಿಗೆ ತಾಗಿದರೆ ಒಳಗೆ ನುಗ್ಗಿಸಬೇಡಿ, ಹೊರೆ ಇಳಿಸಿ. ಹೊರೆ ಮೇಲೆ ಆಳುಗಳನ್ನು ಕೂರಿಸಿಕೊಂಡು ಗೇಟ್ ದಾಟಬೇಡಿ.

ಕಾರಟಗಿ ರೈತ:
ಇದು ನನಗೇ ಹೇಳಿದ ಹಾಗಿದೆ ತಂಗಿ. ಕೊಯ್ಲು ಮುಗಿದ ಮೇಲೆ ನೆಲ್ಲು ಹುಲ್ಲು ಹೇರಿಕೊಂಡು ಗೇಟ್ ದಾಟೋದು ನಾವೇ, ಮೇಲೆ ಇಬ್ಬರು ಕೂತೇ ಇರ್ತಾರೆ. ಇವತ್ತೇ ಡ್ರೈವರ್ ಹುಡುಗನಿಗೆ ಹೇಳ್ತೀನಿ. ಅಪ್ಪನವರಿಗೆ ನಮಸ್ಕಾರ.

ಬೆಂಗಳೂರಲ್ಲಿರೋ ರಾಯಚೂರಿನವ:
ಶನಿವಾರ ಊರಿಗೆ ಬಂದೆ. ಮೇಷ್ಟ್ರ ಲೆಕ್ಕ ತಲೆಯಲ್ಲಿ ಕೂತಿತ್ತು, ಹಾಗಾಗಿ ಕಿಟಕಿ ಪಕ್ಕ ಮೊಬೈಲ್ ಜಿಪಿಎಸ್ ಇಟ್ಟುಕೊಂಡು ಅಳೆದೆ. ಮುಂದೆ ವ್ಯಾಪ್-7 ಇತ್ತು. ಒಂದು ಸ್ಟೇಷನ್ನಿಂದ ಹೊರಟು 100 ಮುಟ್ಟಲು 3 ನಿಮಿಷ 50 ಸೆಕೆಂಡ್. ಇನ್ನೊಂದು ಕಡೆ 4 ನಿಮಿಷ 10 ಸೆಕೆಂಡ್. ದಾರಿಯಲ್ಲಿ ಸಿಗ್ನಲ್‌ಗೆ ಮೂರು ಸಲ ನಿಂತೆವು, ಒಟ್ಟು 31 ನಿಮಿಷ. ಊರು ಮುಟ್ಟಿದಾಗ 26 ನಿಮಿಷ ತಡ.

ಕುಷ್ಟಗಿ ಮೇಷ್ಟ್ರು:
ಎಷ್ಟು ಬೋಗಿ ಇತ್ತು? ಏರು ಇತ್ತಾ, ಇಳಿಜಾರು ಇತ್ತಾ? ಅದನ್ನೂ ಬರೀರಿ. ಮಕ್ಕಳಿಗೆ ಬೋರ್ಡ್ ಮೇಲೆ ಬಿಡಿಸಿ ತೋರಿಸಬೇಕು.

ಬೆಂಗಳೂರಲ್ಲಿರೋ ರಾಯಚೂರಿನವ:
22 ಬೋಗಿ ಸರ್. ಏರು ಇಳಿಜಾರು ಗಮನಿಸಲಿಲ್ಲ. ಸೋಮವಾರ ವಾಪಸ್ ಹೋಗುವಾಗ ನೋಡಿ ಬರೀತೀನಿ.